ಹುಣಸೂರು ಬಂಡಿ, ಅರಮನೆ ಮೋಟಾರು

ಎತ್ತಿನ ಬಂಡಿಯ ಗಾಲಿಗೆ ಹಳಿ ಕೂರಿಸುವುದನ್ನು ಕಣ್ಣಾರೆ ನೋಡಿದವರು ಈಗ ಹಳ್ಳಿಗಳಲ್ಲೂ ವಿರಳ. ಬೆರಣಿಯ ಬೆಂಕಿಯಲ್ಲಿ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಬೇಕು. ಅದನ್ನು ಇಕ್ಕಳಗಳಿಂದ ಎತ್ತಿ ತಂದು ಮರದ ಗಾಲಿಯ ಸುತ್ತ ಇಳಿಸಬೇಕು. ಮರ ಹೊತ್ತಿಕೊಳ್ಳುವ ಮೊದಲೇ ಸುತ್ತಲೂ ನೀರು ಸುರಿಯಬೇಕು. ಕಾದಾಗ ಹಿಗ್ಗಿದ್ದ ಹಳಿ ತಣಿದಂತೆ ಕುಗ್ಗುತ್ತದೆ. ಆರೆಕಾಲುಗಳು ಗುಂಬದೊಳಕ್ಕೆ ಬಿಗಿದುಕೊಳ್ಳುತ್ತವೆ. ಅಳತೆ ಒಂದು ನೂಲಿನಷ್ಟು ತಪ್ಪಿದರೂ ಗಾಲಿ ಸಡಿಲ, ಇಲ್ಲವೇ ಸೊಟ್ಟ.

ಈ ಹಳ್ಳಿಯ ವಿದ್ಯೆಗೂ, ಇಂದು ಹರಾಜಿನಲ್ಲಿ ಕೋಟಿಗಟ್ಟಲೆ ಬೆಲೆ ಬಾಳುವ ಆದಿಕಾಲದ ಸ್ಪೋರ್ಟ್ಸ್ ಕಾರುಗಳಿಗೂ ಹತ್ತಿರದ ನಂಟಿದೆ ಎಂದರೆ ಕೆಲವರು ನಕ್ಕಾರು. ಆದರೆ ಮೋಟಾರು ಯುಗದ ಮೊದಲ ಮೂವತ್ತು ವರ್ಷಗಳ ಕಾರುಗಳನ್ನು ಬಿಚ್ಚಿ ನೋಡಿದರೆ ಅರ್ಧ ಯಂತ್ರ, ಅರ್ಧ ಬಂಡಿ. ಗಾಲಿಗೆ ಮರದ ಆರೆಕಾಲು, ಮೈಗೆ ಮರದ ಹಂದರ, ಒಳಗೆ ಚರ್ಮದ ಹೊದಿಕೆ. ಈ ಮೂರು ಕಸುಬುಗಳೂ ಒಂದು ಕಾಲಕ್ಕೆ ನಮ್ಮ ಹುಣಸೂರಿನಲ್ಲೇ ಇದ್ದವು.

ಬಂಡಿಗಳ ಊರು

ಲಕ್ಷ್ಮಣತೀರ್ಥದ ದಡದ ಹುಣಸೂರು ಮೈಸೂರಿನಿಂದ ಸುಮಾರು 45 ಕಿಲೋಮೀಟರು ದೂರದಲ್ಲಿದೆ. ಮೈಸೂರಿನಿಂದ ಹೊರಟ ದಾರಿ ಹುಣಸೂರು, ಪಿರಿಯಾಪಟ್ಟಣಗಳನ್ನು ದಾಟಿ ಕೊಡಗಿಗೆ ಏರುತ್ತದೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬ್ರಿಟಿಷರು ಇಲ್ಲಿ ಸೇನೆಯ ಅಗತ್ಯಕ್ಕೆಂದು ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ತಯಾರಿಕೆ ಮತ್ತು ಮರದ ಅಡ್ಡೆ ನಡೆಸುತ್ತಿದ್ದರು. ಪ್ರಸಿದ್ಧ ಅಮೃತಮಹಲ್ ರಾಸುಗಳ ಇಲಾಖೆಯ ಕೇಂದ್ರವೂ ಹುಣಸೂರೇ. ಬಂಡಿ, ಬಂಡಿಗೆ ಎತ್ತು, ಎತ್ತಿಗೆ ಮಿಣಿ, ಎಲ್ಲವೂ ಒಂದೇ ಊರಿನಲ್ಲಿ ದೊರೆಯುತ್ತಿತ್ತು.

1864ರಲ್ಲಿ ಸರ್ಕಾರಿ ಕಾರ್ಖಾನೆ ಮುಚ್ಚಿತು. ಅಲ್ಲಿ ಕಲಿತ ಕೈಗಳು ಊರಿನಲ್ಲೇ ಉಳಿದವು. ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಹುಣಸೂರಿನ ಉತ್ತಮ ದರ್ಜೆಯ ಬಂಡಿಗಳನ್ನೂ ಚರ್ಮದ ಸಾಮಾನುಗಳನ್ನೂ ಹೆಸರಿಸಿದ್ದಾರೆ. ಹೆಗ್ಗಡದೇವನಕೋಟೆಯ ಕಾಡು ಹತ್ತಿರದಲ್ಲೇ ಇದ್ದುದರಿಂದ ತೇಗ, ಹೊನ್ನೆ, ಮತ್ತಿ, ದಿಂಡಿಗಗಳಿಗೆ ಬರವಿರಲಿಲ್ಲ. ಕೊಡಗಿನ ಕಾಫಿ ಕೆಳಗಿಳಿದದ್ದು ಬಂಡಿಗಳ ಮೇಲೆ. ಕೃಷ್ಣರಾಜನಗರದ ಕಡೆಯ ಭತ್ತ ಪೇಟೆ ಸೇರಿದ್ದೂ ಬಂಡಿಗಳ ಮೇಲೆಯೇ. ಅದೇ ಭಾಗದ ಚುಂಚನಕಟ್ಟೆಯ ದನಗಳ ಜಾತ್ರೆಯ ಹೆಸರು ಇಂದಿಗೂ ಉಳಿದಿದೆ.

ಅದೇ ಶತಮಾನದಲ್ಲಿ ಲಂಡನ್ನಿನಲ್ಲಿ ಬಾರ್ಕರ್ ಎಂಬ ಮನೆತನದ ಹೆಸರಿನ ಸಂಸ್ಥೆ ಶ್ರೀಮಂತರಿಗೆ ಕುದುರೆ ಸಾರೋಟು ಕಟ್ಟುತ್ತಿತ್ತು. ಮರದ ಹಂದರ, ಅದರ ಮೇಲೆ ಹೊದಿಕೆ, ಆರೆಕಾಲಿನ ಗಾಲಿ: ಮೂಲದಲ್ಲಿ ಹುಣಸೂರಿನ ಕಸುಬೇ. ಮುಂದೆ ಮೋಟಾರು ಬಂದಾಗ ಈ ಬಾರ್ಕರ್ ಸಂಸ್ಥೆಯ ಬಡಗಿಗಳು ಸಾರೋಟನ್ನು ಬಿಟ್ಟು ರೋಲ್ಸ್ ರಾಯ್ಸ್ ಕಾರುಗಳಿಗೆ ಮೈ ಕಟ್ಟತೊಡಗಿದರು. ನಮ್ಮ ಬಡಗಿಗಳಿಗೆ ಅಂಥ ಅವಕಾಶ ಒದಗಲಿಲ್ಲ.

ವೇಗದ ಹುಚ್ಚು

ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ಮೂರು ಗಾಲಿಯ ಮೋಟಾರು ಗಾಡಿಗೆ ಪೇಟೆಂಟು ಪಡೆದ. ಎರಡು ವರ್ಷದ ಬಳಿಕ ಅವನ ಹೆಂಡತಿ ಬರ್ತಾ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೆ ತಿಳಿಸದೆಯೇ, ನೂರು ಕಿಲೋಮೀಟರಿಗೂ ಹೆಚ್ಚು ದೂರದ ತವರೂರಿಗೆ ಅದನ್ನು ಓಡಿಸಿಕೊಂಡು ಹೋದಳು. ದಾರಿಯಲ್ಲಿ ಇಂಧನ ಕೊಂಡದ್ದು ಔಷಧಿ ಅಂಗಡಿಯಲ್ಲಿ. ಗಾಡಿ ಓಡುತ್ತದೆ ಎಂದು ಖಾತ್ರಿಯಾದ ಮೇಲೆ ಎಷ್ಟು ವೇಗವಾಗಿ ಓಡುತ್ತದೆ ಎಂಬ ಪ್ರಶ್ನೆ ಎದ್ದಿತು. 1895ರ ಪ್ಯಾರಿಸ್–ಬೋರ್ಡೋ–ಪ್ಯಾರಿಸ್ ಪಂದ್ಯದಲ್ಲಿ ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದ ಎಮಿಲ್ ಲೆವಸೋರನ ಸರಾಸರಿ ವೇಗ ಗಂಟೆಗೆ ಸುಮಾರು 24 ಕಿಲೋಮೀಟರು. 1901ರಲ್ಲಿ ಬಂದ 35 ಅಶ್ವಶಕ್ತಿಯ ಮರ್ಸಿಡಿಸ್ ಎತ್ತರದ ಸಾರೋಟಿನ ಆಕಾರವನ್ನೇ ಕೈಬಿಟ್ಟು, ನೆಲಕ್ಕೆ ಹತ್ತಿರವಾಗಿ ಉದ್ದಕ್ಕೆ ಚಾಚಿಕೊಂಡಿತು. ಸ್ಪೋರ್ಟ್ಸ್ ಕಾರಿನ ವಂಶಾವಳಿಯನ್ನು ಹಲವರು ಇಲ್ಲಿಂದಲೇ ಆರಂಭಿಸುತ್ತಾರೆ.

ನಮ್ಮ ರಾಜಮಹಾರಾಜರ ಮನಸ್ಸನ್ನು ಸೆರೆಹಿಡಿದದ್ದು ಮಾತ್ರ ರೋಲ್ಸ್ ರಾಯ್ಸ್ ಸಂಸ್ಥೆಯ ಸಿಲ್ವರ್ ಗೋಸ್ಟ್. ಆರು ಸಿಲಿಂಡರು, ಏಳು ಲೀಟರಿಗೂ ಮಿಗಿಲಾದ ಎಂಜಿನು. ಬೆಳ್ಳಿಯ ಬಣ್ಣ ಹೊದ್ದು ಸದ್ದಿಲ್ಲದೆ ಸಾಗುತ್ತಿದ್ದುದರಿಂದ ಆ ಹೆಸರು. 1907ರಲ್ಲಿ ಇದನ್ನು ವೀಕ್ಷಕರ ಎದುರು 15,000 ಮೈಲಿ ಓಡಿಸಿದರು. 629ನೆಯ ಮೈಲಿಯಲ್ಲಿ ಕುಲುಕಾಟಕ್ಕೆ ಪೆಟ್ರೋಲಿನ ನಲ್ಲಿ ತಾನಾಗಿ ಮುಚ್ಚಿಕೊಂಡು ಗಾಡಿ ನಿಂತಿತು. ಆ ಬಳಿಕ 14,371 ಮೈಲಿ ಒಮ್ಮೆಯೂ ಕೆಟ್ಟು ನಿಲ್ಲಲಿಲ್ಲ. ಕಡೆಯಲ್ಲಿ ಸವೆದ ಭಾಗಗಳನ್ನು ಬದಲಿಸಲು ತಗುಲಿದ ವೆಚ್ಚ ಎರಡು ಪೌಂಡಿಗೆ ತುಸು ಹೆಚ್ಚು.

ಮರುವರ್ಷವೇ ಈ ಜಾತಿಯ ಕಾರೊಂದನ್ನು ಫ್ರಾಂಕ್ ನಾರ್ಬರಿ ಎಂಬಾತ ಮುಂಬಯಿಗೆ ತಂದ. ಅಲ್ಲಿಂದ ನಮ್ಮ ನಿಪ್ಪಾಣಿಯ ನೆರೆಯ ಕೊಲ್ಹಾಪುರಕ್ಕೆ, ಘಟ್ಟಗಳನ್ನು ಹತ್ತಿ ಇಳಿದು, 600 ಮೈಲಿಗೂ ಮೀರಿದ ಮೋಟಾರು ಪರೀಕ್ಷೆ ಏರ್ಪಾಡಾಗಿತ್ತು. ಕಾರು ಗೆದ್ದಿತು. ‘ಪೂರ್ವದೇಶದ ಮುತ್ತು’ ಎಂಬ ಅರ್ಥದ ಹೆಸರು ಪಡೆದ ಅದನ್ನು ಗ್ವಾಲಿಯರಿನ ಮಹಾರಾಜರು ಕೊಂಡುಕೊಂಡರು. ಬಂಡಿಯ ಜಾಡುಗಳ, ಜಲ್ಲಿ ಎದ್ದ ರಸ್ತೆಗಳ ನಾಡಿನಲ್ಲಿ ಇದು ಬಾಳುತ್ತದೆಂಬ ನಂಬಿಕೆ ಸಂಸ್ಥಾನಗಳಲ್ಲಿ ಬೇರೂರಿದ್ದು ಇಂಥ ಪರೀಕ್ಷೆಗಳಿಂದ.

ಸೋಲೂ ಒಂದು ಪಾಠ ಕಲಿಸಿತು. 1912ರ ಆಲ್ಪ್ಸ್ ಪರ್ವತದ ಪಂದ್ಯದಲ್ಲಿ ಜೇಮ್ಸ್ ರಾಡ್ಲಿ ಎಂಬಾತನ ಸಿಲ್ವರ್ ಗೋಸ್ಟ್ ಆಸ್ಟ್ರಿಯಾದ ಕಡಿದಾದ ಏರೊಂದರಲ್ಲಿ ಜನ ತುಂಬಿಕೊಂಡು ಹತ್ತಲಾರದೆ ನಿಂತುಬಿಟ್ಟಿತು. ಅದರಲ್ಲಿದ್ದುದು ಮೂರೇ ಗೇರು. ಮರುವರ್ಷ ನಾಲ್ಕು ಗೇರಿನ ಕಾರುಗಳೊಡನೆ ಹೋದವರು ಅದೇ ಪರ್ವತಗಳಲ್ಲಿ ಮೆರೆದು ಬಂದರು. ಆ ಮಾದರಿ ‘ಆಲ್ಪೈನ್ ಈಗಲ್’ ಎಂದು ಹೆಸರಾಯಿತು. ಹಳೆಯ ಕಾರುಗಳ ಸಂಗ್ರಾಹಕರು ಇಂದು ಕನಸಿನಲ್ಲಿ ಕಾಣುವುದು ಇದನ್ನೇ.

ಏಳೇಳು ಕಾರುಗಳು

ನಾಲ್ವಡಿ ಕೃಷ್ಣರಾಜ ಒಡೆಯರು ಆಡಳಿತದ ಅಧಿಕಾರ ವಹಿಸಿಕೊಂಡದ್ದು 1902ರಲ್ಲಿ, ಮೋಟಾರು ಇನ್ನೂ ತೊಟ್ಟಿಲಲ್ಲಿದ್ದಾಗ. 1940ರಲ್ಲಿ ಅವರು ತೀರಿಕೊಳ್ಳುವ ವೇಳೆಗೆ ಮೈಸೂರು ಅರಮನೆಯ ಮೋಟಾರುಖಾನೆ ದೇಶದಲ್ಲೇ ಹೆಸರಾಗಿತ್ತು. ಮೈಸೂರಿನವರು ರೋಲ್ಸ್ ರಾಯ್ಸ್ ಕೊಳ್ಳುವಾಗ ಒಮ್ಮೆಗೆ ಏಳೇಳು ಕೊಳ್ಳುತ್ತಿದ್ದರಂತೆ. ಅದರಿಂದ ಆ ಸಂಸ್ಥೆಯಲ್ಲಿ ಸಗಟು ವ್ಯಾಪಾರಕ್ಕೆ ‘ಮೈಸೂರು ಮಾಡುವುದು’ ಎಂಬ ಮಾತೇ ಹುಟ್ಟಿತೆಂದು ಹಳೆಯ ಕಾರುಗಳ ಪ್ರಿಯರು ಇಂದಿಗೂ ಹೇಳಿಕೊಳ್ಳುತ್ತಾರೆ.

ಅತಿಥಿಗಳೂ ಅಷ್ಟೇ ಮಂದಿ ಬರುತ್ತಿದ್ದರು. ಎಚ್.ಡಿ. ಕೋಟೆ ತಾಲ್ಲೂಕಿನ ಕಾಕನಕೋಟೆಯ ಆನೆ ಖೆಡ್ಡಾ ಜಗತ್ಪ್ರಸಿದ್ಧ. 1906ರಲ್ಲಿ, ಮುಂದೆ ಐದನೆಯ ಜಾರ್ಜ್ ದೊರೆಯಾದ ಬ್ರಿಟಿಷ್ ಯುವರಾಜ ದಂಪತಿ ಅದನ್ನು ನೋಡಲು ಬಂದಿದ್ದರು. ವೈಸರಾಯರು ಬಂದರೆ ಖೆಡ್ಡಾ ತೋರಿಸುವುದು ಸಂಸ್ಥಾನದ ಮರ್ಯಾದೆಯ ಭಾಗವಾಗಿತ್ತು. ಹೀಗೆ ಕಾಡಿನಂಚಿನ ಹಳ್ಳಿಗಳ ಜನ ದೊಡ್ಡ ದೊಡ್ಡ ಪಟ್ಟಣಗಳವರಿಗಿಂತ ಹೆಚ್ಚು ಭಾರಿ ಮೋಟಾರುಗಳನ್ನು ಕಂಡರು. ಕಂಡದ್ದು ರಸ್ತೆಯ ಪಕ್ಕದಲ್ಲಿ ನಿಂತು, ಧೂಳಿನ ನಡುವೆ. ಕಡೆಯ ಖೆಡ್ಡಾ ನಡೆದದ್ದು 1971ರಲ್ಲಿ. ಕಪಿಲೆಗೆ ಕಟ್ಟಿದ ಕಬಿನಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಆ ನೆಲವೂ ಮುಳುಗಿತು.

ಕೊಳ್ಳುವುದೇ ಸಾಕೆ, ಮಾಡುವುದು ಬೇಡವೇ ಎಂದು ಕೇಳಿದವರು ಸರ್ ಎಂ. ವಿಶ್ವೇಶ್ವರಯ್ಯ. ಅವರು 1930ರ ದಶಕದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯೂರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಸುತ್ತಿಬಂದು ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲಚಂದ್ ಹೀರಾಚಂದ್ ಕೈಜೋಡಿಸಿದರು. ಬ್ರಿಟಿಷ್ ಸರ್ಕಾರದ ಬೆಂಬಲ ಮಾತ್ರ ದೊರೆಯಲಿಲ್ಲ. ವಾಲಚಂದರ ಪ್ರೀಮಿಯರ್ ಸಂಸ್ಥೆ 1944ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಯಿತು. ಏಳೇಳು ಕಾರು ಕೊಂಡ ನಾಡಿಗೆ ಒಂದು ಕಾರು ಕಟ್ಟುವ ಭಾಗ್ಯ ಆಗ ಬರಲಿಲ್ಲ.

ಗುಜರಿಯ ಪಾಲು

ಸ್ವಾತಂತ್ರ್ಯ ಬಂದಿತು, ಸಂಸ್ಥಾನಗಳು ವಿಲೀನಗೊಂಡವು. 1971ರ ಕೊನೆಯಲ್ಲಿ ಸಂವಿಧಾನದ 26ನೆಯ ತಿದ್ದುಪಡಿ ರಾಜಧನವನ್ನೂ ರದ್ದು ಮಾಡಿತು. ಪೆಟ್ರೋಲು ಕುಡಿಯುವ ದೈತ್ಯ ಕಾರುಗಳು ದೇಶದ ಎಲ್ಲ ಅರಮನೆಗಳಿಗೂ ಹೊರೆಯಾದವು. ಕೆಲವು ಗುಜರಿಗೆ ಹೋದವು. ಕೆಲವಕ್ಕೆ ಹಿಂಭಾಗ ಕತ್ತರಿಸಿ ಸಾಮಾನು ಸಾಗಿಸುವ ಗಾಡಿ ಮಾಡಿಕೊಂಡರು. ಬೆಲೆ ಬಲ್ಲ ವಿದೇಶೀಯರು ಚಿಲ್ಲರೆ ಹಣ ಕೊಟ್ಟು ಹಡಗಿಗೇರಿಸಿದವು ಲೆಕ್ಕವಿಲ್ಲದಷ್ಟು. 1972ರಲ್ಲಿ ಕೇಂದ್ರ ಸರ್ಕಾರ ಹಳೆಯ ಕಾರುಗಳ ರಫ್ತನ್ನು ನಿಷೇಧಿಸುವ ವೇಳೆಗೆ ಒಳ್ಳೆಯವು ಬಹಳಷ್ಟು ದಾಟಿಹೋಗಿದ್ದವು. ಒಂದು ಕಾಲಕ್ಕೆ ಮೈಸೂರಿನ ಬೀದಿಯಲ್ಲಿ ಓಡಿದ ಕಾರನ್ನು ನೋಡಲು ಇಂದು ಸಮುದ್ರ ದಾಟಬೇಕಾಗಿ ಬಂದರೆ ಆಶ್ಚರ್ಯವಿಲ್ಲ.

ಉಳಿದವನ್ನು ಉಳಿಸಿಕೊಂಡವರೂ ಇದ್ದಾರೆ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹ ನಾಡಿಗೆಲ್ಲ ಪರಿಚಿತ. ಇತ್ತೀಚಿನ ವರ್ಷಗಳಲ್ಲಿ ಶ್ರೀರಂಗಪಟ್ಟಣದ ಬಳಿ, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ, ಅದರದೇ ಇನ್ನೊಂದು ಶಾಖೆಯಾಗಿ ‘ಪಯಣ’ ಎಂಬ ಕಾರು ವಸ್ತುಸಂಗ್ರಹಾಲಯ ತೆರೆದಿದೆ. ಹುಣಸೂರು, ಕೃಷ್ಣರಾಜನಗರದ ಶಾಲೆಯ ಮಕ್ಕಳು ಬೆಳಗ್ಗೆ ಹೊರಟು ಸಂಜೆಗೆ ನೋಡಿಬರಬಹುದು.

ಕಾನೂನೂ ಈಗ ಕಣ್ಣು ತೆರೆದಿದೆ. 2021ರ ಜುಲೈನಲ್ಲಿ ಹೊರಬಿದ್ದ ಕೇಂದ್ರದ ನಿಯಮಗಳ ಪ್ರಕಾರ, 50 ವರ್ಷ ಮೀರಿದ, ಮೂಲ ರೂಪ ಕೆಡದ ಕಾರು, ಬೈಕುಗಳನ್ನು ‘ವಿಂಟೇಜ್’ ವಾಹನವೆಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ನೋಂದಣಿ ಸಂಖ್ಯೆಯಲ್ಲಿ ‘ವಿಎ’ ಅಕ್ಷರಗಳಿರುತ್ತವೆ. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿಗಳಿಗೆ ರಸ್ತೆಗಿಳಿಸಬಹುದು.

ಕೈಗಳನ್ನು ಯಾರು ಉಳಿಸುತ್ತಾರೆ?

ಕಾರಿಗೆ ರಕ್ಷಣೆ ಸಿಕ್ಕಿತು. ಆದರೆ ನೂರು ವರ್ಷದ ಕಾರೊಂದು ಕೊಟ್ಟಿಗೆಯಿಂದ ಹೊರಬಂದಾಗ ಕಾಣುವುದೇನು? ಎಂಜಿನಿನ ಎರಕದ ಕಬ್ಬಿಣ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ಗೆದ್ದಲು ತಿಂದಿರುವುದು ಮೈಯ ಹಂದರವನ್ನು, ಒಣಗಿ ಸಡಿಲಗೊಂಡಿರುವುದು ಗಾಲಿಯ ಆರೆಕಾಲುಗಳು, ಹರಿದಿರುವುದು ಚರ್ಮ. ಅಂಗಡಿಯಲ್ಲಿ ಬಿಡಿಭಾಗ ಸಿಗುವ ಮಾತಿಲ್ಲ. ಮರ ಕೊರೆದು ಕೂರಿಸುವ ಬಡಗಿ, ತಗಡನ್ನು ಸುತ್ತಿಗೆಯಿಂದ ಬಾಗಿಸುವ ಕೆಲಸಗಾರ, ಚರ್ಮ ಹೊಲಿಯುವವ ಬೇಕು. ಗಾಲಿಯ ಬಿಗಿತವನ್ನು ಬೆರಳಿನಿಂದ ತಟ್ಟಿ ಸದ್ದಿನಿಂದ ಹೇಳಬಲ್ಲವನಿಗೆ ಬದಲಿ ಯಂತ್ರ ಇನ್ನೂ ಬಂದಿಲ್ಲ.

ಹುಣಸೂರು, ಪಿರಿಯಾಪಟ್ಟಣದ ಹೊಲಗಳಿಂದ ಹೊಗೆಸೊಪ್ಪು ಈಗ ಟ್ರಾಕ್ಟರು, ಟೆಂಪೊಗಳಲ್ಲಿ ಸಾಗುತ್ತದೆ. ಬಂಡಿಯ ಬಡಗಿಯ ಮಗ ಬಾಗಿಲು, ಕಿಟಕಿ ಮಾಡುತ್ತಾನೆ. ಮೊಮ್ಮಗ ಬೆಂಗಳೂರಿಗೆ ಹೋಗಿದ್ದಾನೆ. ಅವನನ್ನು ದೂರುವಂತಿಲ್ಲ. ಹೊಟ್ಟೆಗಾಗದ ವಿದ್ಯೆಯನ್ನು ಯಾರೂ ಹೊತ್ತು ತಿರುಗಲಾರರು. ಆದರೆ ಒಂದು ಕಾರಿನ ದುರಸ್ತಿಗೆ ಸಂಗ್ರಾಹಕರು ವರ್ಷಗಟ್ಟಲೆ ಕಾದು ಲಕ್ಷಗಟ್ಟಲೆ ಸುರಿಯುವಾಗ, ಆ ಹಣದ ಒಂದು ಪಾಲು ಈ ಕೈಗಳ ತರಬೇತಿಗೆ ಹರಿದರೆ ಎರಡೂ ಬದುಕುತ್ತವೆ.

ತಡಮಾಡಿದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. 1961ರಲ್ಲಿ ಮೈಸೂರಿನಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಹಾಲಿನ ಕ್ಯಾನು ನೇತುಹಾಕಿಕೊಂಡು ಹಳ್ಳಿ ಹಳ್ಳಿ ಸುತ್ತಿದ ಜಾವಾ, ಯೆಜ್ಡಿ ಬೈಕುಗಳನ್ನು ಜನ ತೂಕಕ್ಕೆ ಮಾರಿದರು. ಇಂದು ಅದೇ ಬೈಕನ್ನು ಹುಡುಕಿಕೊಂಡು ಯುವಕರು ಹಿತ್ತಿಲುಗಳಲ್ಲಿ ಇಣುಕುತ್ತಿದ್ದಾರೆ. ಬೈಕು ಸಿಕ್ಕೀತು. ಅದರ ಎಂಜಿನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಮೆಕ್ಯಾನಿಕ್ಕನಿಗೆ ವಯಸ್ಸಾಗಿದೆ.

ಆದಿಕಾಲದ ಎಷ್ಟೋ ಕಾರುಗಳೂ ಘಟ್ಟ ಇಳಿದ ಬಂಡಿಯೂ ಒಂದೇ ಬಗೆಯ ಗಾಲಿಯ ಮೇಲೆ ಉರುಳಿದವು. ಕಾರನ್ನು ಗಾಜಿನ ಮನೆಯಲ್ಲಿಟ್ಟು ಬೆಳಕು ಹಾಕಿದ್ದೇವೆ. ಗಾಲಿ ಮಾಡಬಲ್ಲವರು ಹುಣಸೂರಿನ ಯಾವುದಾದರೂ ಓಣಿಯಲ್ಲಿ ಇನ್ನೂ ಇದ್ದರೆ, ಅವರ ಬಾಗಿಲು ತಟ್ಟುವ ಕಾಲ ಇದು.