ಮಗ್ಗದ ಮೇಲಿನ ರೇಖಾಗಣಿತ

ನಾನು ಗಣಿತದ ಉಪಾಧ್ಯಾಯನಲ್ಲ. ಕನ್ನಡ ಪಾಠ ಹೇಳಿ ನಿವೃತ್ತನಾದವನು. ಬಾಲ್ಯದಲ್ಲಿ ರೇಖಾಗಣಿತದ ಪ್ರಮೇಯಗಳನ್ನು ಪದ್ಯಗಳಂತೆ ಬಾಯಿಪಾಠ ಮಾಡಿ ತೇರ್ಗಡೆಯಾದೆನೇ ಹೊರತು ತ್ರಿಕೋನವೆಂಬುದು ಮನಸ್ಸಿಗೆ ಇಳಿದಿರಲಿಲ್ಲ. ಅದು ಇಳಿದದ್ದು ಬಹಳ ತಡವಾಗಿ, ಮಲಯ ಜನರ ‘ಸೊಂಗ್ಕೆಟ್’ ಎಂಬ ಜರಿವಸ್ತ್ರದ ವಿನ್ಯಾಸಗಳನ್ನು ಅಭ್ಯಾಸ ಮಾಡಿದಾಗ.

ಮಲಯ ಪರ್ಯಾಯದ್ವೀಪದ ಪೂರ್ವತೀರದ ತೆರೆಂಗಾನು, ಕೆಲಾಂತಾನ್ ಸೀಮೆಗಳು ಈ ನೇಯ್ಗೆಗೆ ಹೆಸರಾದವು. ನೇಯುವವರು ಹೆಚ್ಚಾಗಿ ಹೆಂಗಸರು. ಹಾಸಿನ ಎಳೆಗಳನ್ನು ಎಣಿಸಿ, ಮೀಟಿ ಎತ್ತಿ, ಹೊಕ್ಕಿನೊಡನೆ ಚಿನ್ನದ ಬಣ್ಣದ ಎಳೆಯನ್ನು ಸೇರಿಸುತ್ತಾರೆ. 2021ರಲ್ಲಿ ಯುನೆಸ್ಕೋ ಇದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಸರೋಂಗಿನ ಮುಖ್ಯ ಪಟ್ಟಿಗೆ ಅಲ್ಲಿ ‘ಕೆಪಾಲ’, ಅಂದರೆ ತಲೆ, ಎಂದು ಹೆಸರು. ಮೂಲ ನಮ್ಮ ‘ಕಪಾಲ’ವೇ. ಅದರಲ್ಲಿ ‘ಪುಚುಕ್ ರೆಬುಂಗ್’, ಎಂದರೆ ಬಿದಿರ ಕಳಲೆ, ಸಾಲುಗಟ್ಟಿ ನಿಲ್ಲುತ್ತದೆ. ಪ್ರತಿಯೊಂದು ಕಳಲೆಯೂ ಒಂದು ಸಮದ್ವಿಬಾಹು ತ್ರಿಕೋನ. ಹಾಸುಹೊಕ್ಕುಗಳು ಲಂಬವಾಗಿ ಕೂಡುತ್ತವೆ; ಸಾಲಿನಿಂದ ಸಾಲಿಗೆ ಎರಡೂ ಬದಿಯಲ್ಲಿ ಸಮನಾಗಿ ಎಳೆ ತಗ್ಗಿದರೆ ಓರೆಯಂಚು ತಾನಾಗಿ ನೇರವಾಗುತ್ತದೆ. ಒಂದು ಎಣಿಕೆ ತಪ್ಪಿದರೆ ಅಂಚು ಕೆಡುತ್ತದೆ.

ಮಕ್ಕಳಿಗೆ ಚೌಕಳಿ ಕಾಗದ ಕೊಟ್ಟು ಇದನ್ನೇ ಬಿಡಿಸಲು ಹೇಳಬಹುದು. ತುದಿಯಲ್ಲಿ 1 ಮನೆ, ಕೆಳಗೆ 3, ಆಮೇಲೆ 5, 7. ಒಟ್ಟು 16, ನಾಲ್ಕು ಸಾಲು, ನಾಲ್ಕು ನಾಲ್ಕಲೆ ಹದಿನಾರು! ಇನ್ನು ನೇರ ಗೆರೆಗಳಿಂದ ಎರಡು ಸಾಲು ಕಳಲೆಗಳನ್ನು ತುದಿಗೆ ತುದಿ ತಾಗುವಂತೆ ಎದುರುಬದುರಾಗಿ ಬರೆಯಲಿ. ನಡುವೆ ಉಳಿಯುವ ಬಯಲು ವಜ್ರಾಕೃತಿ. ಅದರ ವಿಸ್ತೀರ್ಣ ಎರಡು ಕಳಲೆಗಳಿಗೆ ಸಮ. ಕತ್ತರಿಸಿ ಜೋಡಿಸಿದರೆ ಕಣ್ಣೇ ಸಾಕ್ಷಿ.

‘ನೇಕಾರಳಿಗೆ ಯೂಕ್ಲಿಡ್ ಗೊತ್ತೇ?’ ಎಂದು ಕೇಳುವವರುಂಟು. ಗೊತ್ತಿರಬೇಕಾಗಿಲ್ಲ. ಏಕೆ ಹೀಗೆ ಎಂಬ ಸಾಧನೆಯನ್ನು ಉಪಾಧ್ಯಾಯನು ಹೇಳಲಿ. ಹೀಗೆ ಆಗುತ್ತದೆ ಎಂಬುದನ್ನು ಆಕೆಯ ಬೆರಳುಗಳು ಬಲ್ಲವು. ಇಂಥ ಅರಿವೂ ಗಣಿತವೇ ಎಂದು ಬ್ರೆಜಿಲಿನ ವಿದ್ವಾಂಸ ಉಬಿರಾತಾನ್ ದ’ಆಂಬ್ರೋಸಿಯೊ 1984ರಲ್ಲಿ ಅಡಿಲೇಡಿನ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ವಾದಿಸಿದರು. ಅದುವರೆಗೆ ಆಕೆಯನ್ನು ಕುಶಲಿ ಎಂದು ಹೊಗಳಿದವರು ಬಹಳ. ಬಲ್ಲವಳು ಎಂದು ಕರೆದವರು ವಿರಳ.

ಮಲಯ ಭಾಷೆಯಲ್ಲಿ ರೇಷ್ಮೆಗೆ ‘ಸುತೆರಾ’ ಎನ್ನುತ್ತಾರೆ. ಅದು ಸಂಸ್ಕೃತದ ‘ಸೂತ್ರ’. ನಮ್ಮ ಮಕ್ಕಳು ಸೂತ್ರವೆಂದು ಬಾಯಿಪಾಠ ಮಾಡುವುದು ಗಣಿತದ ಸಮೀಕರಣವನ್ನು. ಆ ಮಾತಿನ ಮೊದಲ ಅರ್ಥ ದಾರ. ನನಗೆ ಯಾರಾದರೂ ಆ ದಾರದಿಂದಲೇ ಪಾಠ ಆರಂಭಿಸಿದ್ದರೆ ತ್ರಿಕೋನಕ್ಕಾಗಿ ಇಷ್ಟು ವರ್ಷ ಕಾಯಬೇಕಿರಲಿಲ್ಲ.