ಮತ್ಸ್ಯವಿನೋದ ಮತ್ತು ನೊಣಗಾಳ: ಒಂದು ವಿವೇಚನೆ

ನಾಲತವಾಡದಿಂದ ಕೃಷ್ಣೆಯ ದಂಡೆ ದೂರವಿಲ್ಲ. ಈ ಸೀಮೆಯನ್ನಾಳಿದ ಕಲ್ಯಾಣ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು (1126–1138) ರಚಿಸಿದ ಸಂಸ್ಕೃತ ಕೃತಿ ‘ಮಾನಸೋಲ್ಲಾಸ’ದ ನಾಲ್ಕನೆಯ ವಿಂಶತಿಯಲ್ಲಿ ‘ಮತ್ಸ್ಯವಿನೋದ’ವೆಂಬ ಪ್ರಕರಣವಿದೆ. ಮೀನುಗಳ ಜಾತಿ, ಅವುಗಳ ಆಹಾರ, ಕೋಲು, ದಾರ, ಗಾಳ, ಎರೆ ಇವೆಲ್ಲವೂ ಅಲ್ಲಿ ನಿರೂಪಿತವಾಗಿವೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಇದರ ಮಹತ್ತ್ವವನ್ನು ವಿದ್ವಲ್ಲೋಕದ ಗಮನಕ್ಕೆ ತಂದರು. ಇಂಗ್ಲಿಷಿನ ಪ್ರಸಿದ್ಧ ಗಾಳಪ್ರಬಂಧವು ಮುದ್ರಿತವಾದದ್ದು 1496ರಲ್ಲಿ. ಆದ್ದರಿಂದ ಕೋಲುಗಾಳದ ವಿನೋದವು ಆಂಗ್ಲರೊಡನೆ ನಮ್ಮಲ್ಲಿಗೆ ಬಂದಿತೆಂಬ ಮಾತು ನಿಲ್ಲುವುದಿಲ್ಲ.

ಆದರೆ ಹೆಮ್ಮೆಯ ಭರದಲ್ಲಿ ಒಂದು ಭೇದವನ್ನು ಮರೆಯಲಾಗದು. ಸೋಮೇಶ್ವರನದು ಎರೆಯ ಗಾಳ. ಕೃತಕ ನೊಣವನ್ನು ಬೀಸುವ ವಿಧಾನ ಬೇರೆಯೇ. ಅಲ್ಲಿ ನೊಣಕ್ಕೆ ಭಾರವಿಲ್ಲ, ದಾರದ ಭಾರವೇ ಅದನ್ನು ಒಯ್ಯಬೇಕು. ಒಂಟಿಕೈ ಕೋಲಿನವನು ದಾರವನ್ನು ಹಿಂದಕ್ಕೆ ಚಾಚಿ, ಅದು ನೇರವಾಗುವವರೆಗೆ ತಡೆದು, ಬಾಗಿದ ಕೋಲಿನ ಬಲದಿಂದ ಮುಂದಕ್ಕೆ ಬೀಸುತ್ತಾನೆ. ಬೆನ್ನ ಹಿಂದೆ ಮರಗಳಿದ್ದರೆ ಈ ಕ್ರಮ ಸಾಗದು. ಆಗ ಉದ್ದನೆಯ ಜೋಡಿಗೈ ಕೋಲಿನಿಂದ ದಾರವನ್ನು ನೀರಿನ ಮೇಲೆಯೇ ಎಳೆದು, ಪಕ್ಕದಲ್ಲಿ ಕುಣಿಕೆಯಾಗಿಸಿ ಉರುಳಿಸಬೇಕು. ಮೇಲಿನ ಕೈ ತಳ್ಳುತ್ತದೆ, ಕೆಳಗಿನದು ಸೆಳೆಯುತ್ತದೆ. ಈ ಪಾಶ್ಚಾತ್ಯ ಪದ್ಧತಿಯನ್ನು ಕನ್ನಡ ನಾಡಿನ ಹೊಳೆಗಳ ಅನುಭವದೊಡನೆ ತಿಳಿಯಲು, ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ 1873ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ‘ದಿ ರಾಡ್ ಇನ್ ಇಂಡಿಯಾ’ವನ್ನು ನೋಡಬೇಕು.