ಒಲೆ ಎಲ್ಲಿ ಹಾಕೋಣ?

ಶಾಲೆಯಲ್ಲಿ ನಮಗೆ ಕಲಿಸಿದ ಚರಿತ್ರೆಯ ತುಂಬ ಅರಮನೆಗಳಿದ್ದವು. ದರ್ಬಾರಿಗೆ ಎಷ್ಟು ಕಂಬ, ಕೋಟೆಗೆ ಎಷ್ಟು ಸುತ್ತು ಅಂತ ಬಾಯಿಪಾಠ ಮಾಡಿ ಪಾಸಾದೆವು. ಆ ಅರಮನೆಯ ಅಡುಗೆ ಎಲ್ಲಿ ಬೇಯುತ್ತಿತ್ತು, ಹೊಗೆ ಯಾವ ಕಡೆ ಹೋಗುತ್ತಿತ್ತು, ಸೌದೆ ಹೊತ್ತವರು ಯಾವ ಬಾಗಿಲಿಂದ ಬರುತ್ತಿದ್ದರು ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳಲಿಲ್ಲ. ಕೇಳಿದ್ದರೆ ನಮ್ಮ ಕೇರಿಯ ಮಕ್ಕಳೇ ಮೊದಲು ಬರುತ್ತಿದ್ದರು.

ಅಡುಗೆಮನೆಗೂ ಒಂದು ಚರಿತ್ರೆ ಇದೆ. ಯಾರು ಒಳಗಿರಬೇಕು, ಯಾರು ಹೊರಗಿರಬೇಕು, ಯಾರ ಕಣ್ಣು ಉರಿಯಬೇಕು, ಯಾರ ತಟ್ಟೆ ಮೊದಲು ತುಂಬಬೇಕು ಎಂಬುದರ ಚರಿತ್ರೆ ಅದು. ಈಗ ಪೇಟೆಗಳಲ್ಲಿ ಹಳೇ ಅಡುಗೆಮನೆ ಒಡೆದು ಹೊಸದು ಮಾಡಿಸುವ ಭರಾಟೆ. ಕಪ್ಪು ಗ್ರಾನೈಟಿನ ಕಟ್ಟೆ, ಎಳೆದರೆ ಜಾರಿ ಬರುವ ಡ್ರಾಯರು, ಹೊಗೆ ಎಳೆಯುವ ಚಿಮಣಿ. ಎಲ್ಲ ಸೇರಿ ಮಾಡ್ಯುಲರ್ ಕಿಚನ್. ಇತ್ತ ಹಟ್ಟಿಗಳಲ್ಲಿ ವಸತಿ ಯೋಜನೆಯ ದುಡ್ಡಿನಲ್ಲಿ ಹಳೇ ಗೋಡೆ ಕೆಡವಿ ಹೊಸ ಗೋಡೆ ಎಬ್ಬಿಸುವವರಿದ್ದಾರೆ. ಎರಡು ಕಡೆಯೂ ಕೇಳುವ ಪ್ರಶ್ನೆ ಒಂದೇ. ಒಲೆ ಎಲ್ಲಿ ಹಾಕೋಣ? ನಾವು ಉತ್ತರ ಹೇಳುವ ಮೊದಲು ಇಲ್ಲಿಯವರೆಗೆ ಯಾರ್ಯಾರು ಏನೇನು ಉತ್ತರ ಹೇಳಿದ್ದಾರೆ ನೋಡೋಣ.

ನಮ್ಮ ಸೀಮೆಯ ಮೇಲ್ಜಾತಿಯವರ ಹಳೇ ಮನೆಗಳನ್ನು ನೋಡಿ. ಬೀದಿಗೆ ಜಗುಲಿ. ಒಳಕ್ಕೆ ನಡುಮನೆ. ಅದರಾಚೆ ದೇವರ ಕೋಣೆ. ಅದರ ಮಗ್ಗುಲಿಗೆ, ಬೀದಿಯ ಕಣ್ಣಿಗೆ ಬೀಳದ ಕತ್ತಲಲ್ಲಿ, ಅಡುಗೆಮನೆ. ಎಷ್ಟು ಒಳಕ್ಕೋ ಅಷ್ಟು ಮಡಿ. ಈ ನಕಾಶೆಯನ್ನು ಬರೆದವನು ಇಂಜಿನಿಯರ್ ಅಲ್ಲ, ಜಾತಿ. ಆ ಮನೆಗೆ ಬೇಕಾದ ರಾಗಿ ಬೆಳೆದವರು ನಾವು, ಸೌದೆ ಸೀಳಿದವರು ನಾವು. ನಮಗೆ ಬಿಟ್ಟ ಜಾಗ ಹಿತ್ತಿಲು. ಅಲ್ಲಿ ಬೊಗಸೆ ಒಡ್ಡಿದರೆ ಮೇಲಿಂದ ನೀರು ಬೀಳುತ್ತಿತ್ತು.

ಆ ಒಳಗೋಡೆ ನಮ್ಮನ್ನು ಹೊರಗಿಟ್ಟಿತು ಎಂಬುದು ಅರ್ಧ ಮಾತು. ಅದು ಆ ಮನೆಯ ಹೆಂಗಸನ್ನು ಒಳಗಿಟ್ಟಿತು. ಮುಟ್ಟಾದ ಮೂರು ದಿನ ಅವಳೂ ಆ ಅಡುಗೆಮನೆಗೆ ಅಸ್ಪೃಶ್ಯಳೇ. ಉಳಿದ ದಿನವೆಲ್ಲ ಕಿಟಕಿ ಇಲ್ಲದ ಹೊಗೆಯಲ್ಲಿ ಅವಳಿಗೆ ಜೀತ. ಕಿಟಕಿ ಇಟ್ಟರೆ ಅನ್ನಕ್ಕೆ ಯಾರದೋ ದೃಷ್ಟಿ ಬಿದ್ದೀತಲ್ಲ!

ನಮ್ಮ ಕೇರಿಯಲ್ಲಿ ಅಡುಗೆಮನೆ ಅನ್ನೋ ಮನೆಯೇ ಇರಲಿಲ್ಲ. ಒಂದೇ ಅಂಕಣದ ಗುಡಿಸಲು, ಮೂಲೆಯಲ್ಲಿ ಮೂರು ಕಲ್ಲು. ಬೇಸಿಗೆ ಬಂದರೆ ಆ ಮೂರು ಕಲ್ಲೂ ಅಂಗಳಕ್ಕೆ ಬರುತ್ತಿದ್ದವು. ಮುಚ್ಚಿಡಲು ಮಡಿ ಇರಲಿಲ್ಲ, ಬಚ್ಚಿಡಲು ಬೇಳೆ ಇರಲಿಲ್ಲ. ಪಕ್ಕದ ಗುಡಿಸಲಿನ ಕೆಂಡ ತಂದು ನಮ್ಮ ಒಲೆ ಹೊತ್ತಿಸುತ್ತಿದ್ದೆವು. ಇದನ್ನು ಕೊಂಡಾಡಲು ಹೇಳುತ್ತಿಲ್ಲ. ಬಯಲಲ್ಲಿ ಬೇಯಿಸಿದ್ದು ಬಡತನದಿಂದ. ಆದರೆ ಬಯಲಲ್ಲಿ ಬೇಯಿಸಿದ ಹೆಂಗಸು ಅಕ್ಕಪಕ್ಕದವರ ಜೊತೆ ಮಾತಾಡುತ್ತ ಬೇಯಿಸಿದಳು ಎಂಬುದೂ ನಿಜ.

ಹೀಗೆ ದುಡಿಯುವವರನ್ನು ಹೊರಗಿಡುವ ನಕಾಶೆ ಈ ದೇಶದ್ದು ಮಾತ್ರ ಅಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳ ದೊಡ್ಡ ತೋಟಗಳಲ್ಲಿ ಯಜಮಾನನ ಬಂಗಲೆ ಒಂದು ಕಡೆ, ಅಡುಗೆಮನೆ ಹಿಂದುಗಡೆ ಬೇರೆ ಕಟ್ಟಡ. ಬೆಂಕಿಯ ಭಯ, ಸೆಕೆ, ವಾಸನೆ ಎಂದು ಕಾರಣ ಹೇಳುತ್ತಿದ್ದರು. ಅಲ್ಲಿ ಬೇಯುತ್ತಿದ್ದವರು ಗುಲಾಮರಾದ ಕಪ್ಪು ಹೆಂಗಸರು ಎಂಬುದೂ ಒಂದು ಕಾರಣ. ನಮ್ಮಲ್ಲಿ ಮುಟ್ಟಬಾರದವರನ್ನು ದೂರ ಇಡಲು ಅಡುಗೆಮನೆ ಒಳಗೆ ಹೋಯಿತು. ಅಲ್ಲಿ ದುಡಿಯುವವರನ್ನು ದೂರ ಇಡಲು ಅಡುಗೆಮನೆಯೇ ಹೊರಗೆ ಹೋಯಿತು. ನಕಾಶೆ ತಿರುವುಮುರುವು, ಬುದ್ಧಿ ಒಂದೇ.

ಅಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಅಳಿದದ್ದು 1865ರಲ್ಲಿ. ನಾಲ್ಕು ವರ್ಷಕ್ಕೆ, 1869ರಲ್ಲಿ, ಉತ್ತರದ ಕಡೆಯ ಇಬ್ಬರು ಅಕ್ಕತಂಗಿಯರು ಮನೆವಾರ್ತೆಯ ಬಗ್ಗೆ ಒಂದು ಪುಸ್ತಕ ತಂದರು. ಅಕ್ಕ ಕ್ಯಾಥರೀನ್ ಬೀಚರ್. ತಂಗಿ ಹ್ಯಾರಿಯೆಟ್ ಬೀಚರ್ ಸ್ಟೋವ್, 1852ರಲ್ಲಿ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಬರೆದಾಕೆ. ಆ ಪುಸ್ತಕದಲ್ಲಿ ಅಡುಗೆಮನೆಯ ಒಂದು ಚಿತ್ರ ಇದೆ. ಹಡಗಿನ ಅಡುಗೆಯವನು ಪುಟ್ಟ ಜಾಗದಲ್ಲಿ ಎಲ್ಲವನ್ನೂ ಕೈಗೆಟುಕುವಂತೆ ಇಟ್ಟುಕೊಂಡು ನೂರಾರು ಜನಕ್ಕೆ ಬೇಯಿಸುತ್ತಾನಲ್ಲ, ಮನೆಯಲ್ಲಿ ಯಾಕಾಗಬಾರದು ಅಂತ ಅವರ ಪ್ರಶ್ನೆ. ಕಿಟಕಿಯ ಬೆಳಕು ಬೀಳುವ ಕಡೆ ಕೆಲಸದ ಹಲಗೆ, ಪಕ್ಕದಲ್ಲೇ ಹಿಟ್ಟಿನ ಪೀಪಾಯಿ, ಅಲ್ಲೇ ನೀರು, ಅಲ್ಲೇ ತೊಳೆಯುವ ತೊಟ್ಟಿ. ಸೆಕೆ ಬಾರದಂತೆ ಒಲೆಗೂ ಇದಕ್ಕೂ ನಡುವೆ ಗಾಜಿನ ಬಾಗಿಲು. ಆಳು ಸಿಗದ ಮನೆಯ ಒಡತಿ ತಾನೇ ಒಲೆ ಮುಂದೆ ನಿಲ್ಲಬೇಕಾಗಿ ಬಂದಾಗ ಬರೆದ ನಕಾಶೆ ಇದು. ಇನ್ನೊಬ್ಬರ ಸೊಂಟ ಬಾಗುವ ತನಕ ಅಡುಗೆಮನೆ ಸರಿಯಾಗೇ ಇರುತ್ತದೆ. ತನ್ನ ಸೊಂಟ ಹಿಡಿದುಕೊಂಡ ದಿನ ಕಟ್ಟೆಯ ಎತ್ತರ ನೆನಪಾಗುತ್ತದೆ.

ಆಮೇಲೆ ಕಾರ್ಖಾನೆಯ ಕಾಲ. 1911ರಲ್ಲಿ ಟೇಲರ್ ಎಂಬಾತ ಕಾರ್ಮಿಕನ ಕೈಕಾಲಿನ ಒಂದೊಂದು ಚಲನೆಯನ್ನೂ ಗಡಿಯಾರ ಹಿಡಿದು ಅಳೆಯುವ ಶಾಸ್ತ್ರವನ್ನು ಪುಸ್ತಕ ಮಾಡಿದ. ಮಾರನೇ ವರ್ಷವೇ ಕ್ರಿಸ್ಟೀನ್ ಫ್ರೆಡೆರಿಕ್ ಅದನ್ನು ಅಡುಗೆಮನೆಗೆ ತಂದಳು. ಒಲೆಯಿಂದ ತೊಟ್ಟಿಗೆ, ತೊಟ್ಟಿಯಿಂದ ಕಪಾಟಿಗೆ ಹೆಂಗಸು ಎಷ್ಟು ಹೆಜ್ಜೆ ನಡೆಯುತ್ತಾಳೆ ಎಂದು ಎಣಿಸಿ, ಸಾಮಾನಿನ ಜಾಗ ಬದಲಿಸಿ ಹೆಜ್ಜೆ ಉಳಿಸಿದಳು. ಇವತ್ತು ಕಿಚನ್ ಡಿಸೈನ್ ಮಾಡುವವರು ಒಲೆ, ಸಿಂಕು, ಫ್ರಿಜ್ಜು ಎಂದು ಎಳೆಯುವ ತ್ರಿಕೋನದ ಬೇರು ಇಲ್ಲಿದೆ.

ಇದೆಲ್ಲ ಬಂಗಲೆಯಿಂದ ಇಳಿದು ಕೂಲಿಕಾರರ ಮನೆಗೆ ಬಂದದ್ದು ಜರ್ಮನಿಯಲ್ಲಿ. ಮೊದಲ ಯುದ್ಧದಲ್ಲಿ ನುಜ್ಜುಗುಜ್ಜಾದ ದೇಶದ ಫ್ರಾಂಕ್‌ಫರ್ಟ್ ನಗರದಲ್ಲಿ ಎರ್ನ್ಸ್ಟ್ ಮೇ ಎಂಬ ವಾಸ್ತುಶಿಲ್ಪಿ ಸಾವಿರಾರು ಮನೆ ಕಟ್ಟಿಸುತ್ತಿದ್ದ. ಆ ಮನೆಗಳ ಅಡುಗೆಮನೆಯನ್ನು 1926ರಲ್ಲಿ ರೂಪಿಸಿದಾಕೆ ಮಾರ್ಗರೆಟೆ ಶ್ಯೂಟೆ-ಲಿಹೊಟ್ಸ್ಕಿ, ಆಸ್ಟ್ರಿಯಾದವಳು, ಇನ್ನೂ 30 ತುಂಬಿರಲಿಲ್ಲ. ರೈಲಿನ ಊಟದ ಬೋಗಿಯ ಇಕ್ಕಟ್ಟಾದ ಅಡುಗೆ ಜಾಗವನ್ನು ನೋಡಿ ಕಲಿತಳು. ಅಗಲ 1.9 ಮೀಟರ್, ಉದ್ದ 3.4 ಮೀಟರ್. ಅಷ್ಟರಲ್ಲೇ ಎಲ್ಲ. ಅಕ್ಕಿ, ಸಕ್ಕರೆ ತುಂಬಿ ಹಾಗೇ ಸುರಿಯಬಹುದಾದ ಅಲ್ಯುಮಿನಿಯಂ ಡಬ್ಬಗಳು. ಹುಳ ಬೀಳದಿರಲಿ ಎಂದು ಹಿಟ್ಟಿಗೆ ಓಕ್ ಮರದ ಡ್ರಾಯರು. ಕೂತು ತರಕಾರಿ ಹೆಚ್ಚಲು ಕಿಟಕಿಯ ಮುಂದೆ ತಿರುಗುವ ಸ್ಟೂಲು. ಗೋಡೆಗೆ ಮಡಚಿಡುವ ಇಸ್ತ್ರಿ ಹಲಗೆ. ಸುಮಾರು 10,000 ಮನೆಗಳಿಗೆ ಈ ಅಡುಗೆಮನೆ ಹೋಯಿತು.

ಇವಳನ್ನು ಸುಮ್ಮನೆ ಹೊಗಳಲಾರೆ, ಸುಮ್ಮನೆ ತೆಗಳಲೂ ಆರೆ. ಹೊರಗೆ ದುಡಿಯುವ ಹೆಂಗಸಿಗೆ ಅಡುಗೆಯ ಹೊತ್ತು ಉಳಿಯಲಿ ಎಂಬುದು ಇವಳ ಆಸೆ. 1939ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದಳು. 1941ರಲ್ಲಿ ನಾಜಿಗಳ ಪೊಲೀಸರು ಹಿಡಿದರು, 15 ವರ್ಷದ ಶಿಕ್ಷೆಯಾಯಿತು, 1945ರಲ್ಲಿ ಹಿಟ್ಲರ್ ಸೋತಾಗ ಬಿಡುಗಡೆ. 2000ನೇ ಇಸವಿಯ ತನಕ ಬದುಕಿದಳು. ಇಂಥ ಗಟ್ಟಿಗಿತ್ತಿ. ಆದರೂ ಆ ಅಡುಗೆಮನೆ ಹೊಕ್ಕ ಹೆಂಗಸರಲ್ಲಿ ಹಲವರು ಗೊಣಗಿದರು. ಇಬ್ಬರು ನಿಲ್ಲಲು ಜಾಗವಿಲ್ಲ, ಮಗು ಕಾಲ ಬಳಿ ಆಡಲು ಜಾಗವಿಲ್ಲ. 1970ರ ದಶಕದ ಸ್ತ್ರೀವಾದಿಗಳು ನೇರವಾಗಿ ಕೇಳಿದರು: ಒಬ್ಬಳಿಗೇ ಅಳತೆ ಮಾಡಿ ಹೊಲಿದ ಕೋಣೆ ಇದು, ಗಂಡಸು ಬಂದು ನಿಲ್ಲಲಿ ಎಂಬ ಯೋಚನೆ ಇಲ್ಲೆಲ್ಲಿದೆ? ಈ ನಕಾಶೆ ಬರೆಯುವ ತನಕ ತಾನು ಮನೆವಾರ್ತೆ ನಡೆಸಿದವಳಲ್ಲ ಎಂದು ಆಕೆಯೇ ಮುಂದೆ ಹೇಳಿದ್ದುಂಟು. ಹೆಜ್ಜೆ ಎಣಿಸಿದರು ಸರಿ, ನಡೆದವಳನ್ನು ಮಾತಾಡಿಸಿದರಾ?

ಇದೇ ಪ್ರಶ್ನೆಯನ್ನು ಹಿಡಿದು ನಮ್ಮ ದೇಶಕ್ಕೆ ಬರೋಣ. ಇಲ್ಲಿ ಮೊದಲ ಮಾತು ಹೆಜ್ಜೆಯದಲ್ಲ, ಹೊಗೆಯದು. ಹೈದರಾಬಾದಿನ ಇಂಜಿನಿಯರಿಂಗ್ ಸಂಶೋಧನಾಲಯದ ಎಸ್.ಪಿ. ರಾಜು 1953ರಲ್ಲಿ ಲಕ್ಷಾಂತರ ಮನೆಗಳಿಗೆ ಹೊಗೆಯಿಲ್ಲದ ಅಡುಗೆಮನೆ ಬೇಕೆಂದು ಪುಸ್ತಕ ಬರೆದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿ, ವಿಜ್ಞಾನಿಗಳನ್ನು ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮಕ್ಕೆ ಕರೆದೊಯ್ದರು. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು 1980ರ ದಶಕದ ಮೊದಲಲ್ಲಿ ಮಾಡಿದ ‘ಅಸ್ತ್ರ ಒಲೆ’ ಅಲ್ಲಿಯ ಫಲ. ಸೌದೆ ಉರಿಯುವ ಗೂಡನ್ನು ಮುಚ್ಚಿ, ಅಡಿಗೆ ಬೂದಿ ಬೀಳುವ ಜಾಲರಿ ಇಟ್ಟು, ಒಂದೇ ಉರಿ ಮೂರು ಪಾತ್ರೆಗೆ ತಾಗಿ ಹೊಗೆ ಕೊಳವೆಯಲ್ಲಿ ಹೊರಗೆ ಹೋಗುವ ಹಾಗೆ ಮಾಡಿದರು. ಸೌದೆ ಕಡಿಮೆ, ಕಣ್ಣೀರೂ ಕಡಿಮೆ. ವಿಜ್ಞಾನ ಹಟ್ಟಿಯ ಮೂಲೆಯ ಕಡೆ ಕಣ್ಣು ಹಾಯಿಸಿದ್ದು ಸಣ್ಣ ಮಾತಲ್ಲ.

ಅದೇ ಹೊತ್ತಿಗೆ ಗುಜರಾತಿನ ಹಳ್ಳಿಗಳಲ್ಲಿ ಕರ್ಕ್ ಸ್ಮಿತ್ ಮತ್ತು ಜೊತೆಗಾರರು ಅಡುಗೆ ಮಾಡುವ ಹೆಂಗಸರು ಉಸಿರಾಡುವ ಹೊಗೆಯನ್ನು ಅಳೆದು 1983ರಲ್ಲಿ ಪ್ರಕಟಿಸಿದರು. ಅವ್ವಂದಿರ ಕೆಮ್ಮಿಗೆ ಅಂಕಿ ಬಂತು. ಅದೇ ವರ್ಷ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಹೂಡಿತು. 2002ರಲ್ಲಿ ಅದು ನಿಲ್ಲುವ ಹೊತ್ತಿಗೆ ದೇಶದಲ್ಲಿ ಮೂರು ಕೋಟಿಗೂ ಮೀರಿ ಒಲೆ ಹಾಕಿದ ಲೆಕ್ಕ ಕಾಗದದಲ್ಲಿತ್ತು. ನೆಲದ ಮೇಲೆ ಎಷ್ಟೋ ಒಲೆ ಬಿರುಕು ಬಿಟ್ಟಿದ್ದವು, ಕೊಳವೆ ಮಸಿ ಕಟ್ಟಿ ಮುಚ್ಚಿಹೋಗಿದ್ದವು. ಟಾರ್ಗೆಟ್ ಮುಟ್ಟಿಸುವವರು ಬಂದರು, ರಿಪೇರಿ ಮಾಡುವವರು ಬರಲಿಲ್ಲ.

ನಮ್ಮಜ್ಜಿಯ ಮನೆಗೂ ಅಂಥದೊಂದು ಒಲೆ ಬಂದಿತ್ತಂತೆ. ಅಜ್ಜಿ ಹೇಳುತ್ತಿದ್ದಳು: “ಒಲೆ ಚೆಂದಾಗಿತ್ತು ಕಣ್ ಮಗ. ಅದ್ಕೆ ಮೂರು ಬಾಯಿ. ನನ್ತಾವ ಇದ್ದದ್ದು ಎಲ್ಡೇ ಮಡ್ಕೆ. ಮೂರ್ನೇದ್ರಲ್ಲಿ ಏನ್ ಬೇಯಿಸ್ಲಿ?” ಇನ್ನೂ ಒಂದು ಮಾತು ಹೇಳುತ್ತಿದ್ದಳು. ಮುದ್ದೆ ತೊಳಸುವಾಗ ಮೈಭಾರವೆಲ್ಲ ಕೋಲಿನ ಮೇಲೆ ಬೀಳುತ್ತದೆ, ಆ ಭಾರಕ್ಕೆ ಒಲೆಯ ಅಂಚು ಸೀಳಿತು. ಹೊಗೆ ಹೋದ ಮೇಲೆ ಅಟ್ಟದಲ್ಲಿ ತೂಗುಹಾಕಿದ ಬೀಜದ ತೆನೆಗೂ ಹುಳ ಬಿತ್ತು. ಕಣ್ಣು ಉರಿಸುವ ಹೊಗೆಯೇ ಬೀಜವನ್ನು ಕಾಯುತ್ತಿತ್ತು. ಇದನ್ನೆಲ್ಲ ಹೇಳಲು ಅಜ್ಜಿ ತಯಾರಿದ್ದಳು. ಕೇಳಿ ಬರೆದುಕೊಳ್ಳಲು ಯಾರೂ ಕೂರಲಿಲ್ಲ.

ಒಲೆಯ ಕತೆ ಹೀಗಾದರೆ ಮನೆಯದು ಇನ್ನೊಂದು. 1985ರಲ್ಲಿ ಇಂದಿರಾ ಆವಾಸ್ ಯೋಜನೆ ಶುರುವಾದದ್ದು ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಬಿಡುಗಡೆಯಾದ ಜೀತದಾಳುಗಳಿಗೆ. ಮನೆಯ ಅಳತೆ 20 ಚದರ ಮೀಟರ್, ಜೊತೆಗೆ ಹೊಗೆಯಿಲ್ಲದ ಒಲೆ ಇರಬೇಕು ಎಂದಿತ್ತು. 2016ರಲ್ಲಿ ಅದು ಪ್ರಧಾನ ಮಂತ್ರಿ ಆವಾಸ್ ಯೋಜನೆಯಾದಾಗ ಕನಿಷ್ಠ ಅಳತೆ 25 ಚದರ ಮೀಟರ್ ಆಯಿತು, ಅದರೊಳಗೆ ಅಡುಗೆಗೆಂದೇ ಚೊಕ್ಕಟವಾದ ಜಾಗ ಇರತಕ್ಕದ್ದು ಎಂದು ಬರೆದರು. ಲೆಕ್ಕ ಹಾಕಿ ನೋಡಿ. ಫ್ರಾಂಕ್‌ಫರ್ಟಿನ ಆ ಇಕ್ಕಟ್ಟಾದ ಅಡುಗೆಮನೆಯೇ ಸುಮಾರು ಆರೂವರೆ ಚದರ ಮೀಟರ್, ನಮ್ಮ ಇಡೀ ಮನೆಯ ಕಾಲುಭಾಗಕ್ಕೂ ಹೆಚ್ಚು. ಅದೇ ವರ್ಷ ಉಜ್ವಲಾ ಯೋಜನೆಯ ಗ್ಯಾಸ್ ಬಂತು. ಗ್ಯಾಸ್ ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು, ಅದಕ್ಕೆ ಕಟ್ಟೆ ಬೇಕು. ಕಟ್ಟೆಯೇ ಇಲ್ಲದ ಮನೆಗೆ ಸಿಲಿಂಡರು ಬಂದು ಕೂತಿತು. ಮತ್ತೆ ತುಂಬಿಸಲು ದುಡ್ಡಿಲ್ಲದ ತಿಂಗಳು ಅದೇ ಮೂರು ಕಲ್ಲು.

ಅತ್ತ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಅಡುಗೆಮನೆ ಒಳಗತ್ತಲೆಯಿಂದ ಹೊರಬಂದಿದೆ. ಗೋಡೆ ಒಡೆದು ಹಾಲಿಗೆ ಸೇರಿಸಿ ಓಪನ್ ಕಿಚನ್ ಅನ್ನುತ್ತಾರೆ. ಒಳ್ಳೇದು, ಮಡಿಯ ಗೋಡೆ ಬಿತ್ತಲ್ಲ ಅಂತ ಖುಷಿಪಡುವ ಮೊದಲು ಅದರ ಹಿಂದಿನ ಪುಟ್ಟ ಜಾಗ ನೋಡಿ. ಅದರ ಹೆಸರು ಯುಟಿಲಿಟಿ. ಕೆಲಸಕ್ಕೆ ಬರುವ ನಮ್ಮಕ್ಕ ಪಾತ್ರೆ ತೊಳೆಯುವುದು ಅಲ್ಲಿ. ಅವಳಿಗೆ ಬೇರೆ ಲೋಟ ಇಟ್ಟಿರುವ ಮನೆಗಳು ಇವತ್ತಿಗೂ ಇವೆ. ಹಿತ್ತಿಲು ಹತ್ತನೇ ಮಹಡಿಗೆ ಹತ್ತಿದೆ, ಟೈಲ್ಸ್ ಹಾಕಿಸಿಕೊಂಡಿದೆ, ಅಷ್ಟೇ. ಉಳಿದದ್ದಕ್ಕೆ ವಾಸ್ತು ಇದ್ದೇ ಇದೆ. ಒಲೆ ಆಗ್ನೇಯಕ್ಕೆ ಇರಲಿ ಅನ್ನುವ ಪಂಡಿತರು ಅಡುಗೆಯವಳ ಮೊಣಕೈ ಎತ್ತರ ಎಷ್ಟು ಎಂದು ಕೇಳಿದ್ದು ನಾನು ಕಾಣೆ.

ಹಾಗಾದರೆ ನಮ್ಮ ಉತ್ತರ ಏನು? ಗೆಳೆಯರೇ, ಚರಿತ್ರೆಯಿಂದ ಬೈಗುಳ ಮಾತ್ರ ಕಲಿತರೆ ಸಾಲದು.

ಹೊಗೆ ಮೇಲಕ್ಕೆ ಏರುತ್ತದೆ, ಸೋರಿದ ಗ್ಯಾಸು ಗಾಳಿಗಿಂತ ಭಾರ, ನೆಲಕ್ಕೆ ಇಳಿಯುತ್ತದೆ. ನಮ್ಮ ಮನೆಗಳಲ್ಲಿ ಎರಡೂ ಉರಿಯುವುದರಿಂದ ಸೂರಿನ ಹತ್ತಿರ ಒಂದು ಗವಾಕ್ಷಿ, ನೆಲದ ಹತ್ತಿರ ಒಂದು ಕಿಂಡಿ, ಎರಡೂ ಬೇಕು. ಕಿಟಕಿ ಬೀದಿಗೆ ಇರಲಿ. ನಮ್ಮ ಅನ್ನವನ್ನು ಯಾರಾದರೂ ನೋಡಲಿ, ನಮಗೆ ದೃಷ್ಟಿಯ ಭಯವಿಲ್ಲ. ಅಂಗಡಿಯವರು ಕಟ್ಟೆಯನ್ನು ಸಾಮಾನ್ಯವಾಗಿ 32ರಿಂದ 34 ಇಂಚಿಗೆ ಕಟ್ಟುತ್ತಾರೆ. ಬೇಯಿಸುವವರನ್ನು ನಿಲ್ಲಿಸಿ ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ಗುರುತು ಹಾಕಿ. ಮುದ್ದೆ ತೊಳಸುವ ಜಾಗ ಇನ್ನೂ ತಗ್ಗಿರಲಿ, ಮೇಲಿಂದ ಬಲ ಬಿಡಬೇಕು. ನಲ್ಲಿ ಒಳಗೇ ಬರಲಿ. ಹೊತ್ತು ತರುವ ಕೊಡದ ಭಾರ ಯಾವ ತ್ರಿಕೋನದ ಲೆಕ್ಕಕ್ಕೂ ಸಿಕ್ಕಿಲ್ಲ. ಇಬ್ಬರು ನಿಲ್ಲುವಷ್ಟು ಅಗಲ ಇರಲಿ. ಎರಡನೆಯವನು ಗಂಡಸಾಗಿರಲಿ. ನಮ್ಮ ಸಭೆಗಳಲ್ಲಿ ಸಮಾನತೆಯ ಭಾಷಣದ ನಡುವೆ ಬರುವ ಟೀ ಯಾವ ಕೋಣೆಯಿಂದ, ಯಾರ ಕೈಯಿಂದ ಬರುತ್ತದೆ? ಮಡಿಯ ಗೋಡೆ ಕೆಡವಿ ಎಂದು ಊರಿಗೆ ಹೇಳುವ ನಾವು ನಮ್ಮ ಹಟ್ಟಿಯ ಒಲೆಯ ಮುಂದೆ ಗಂಡಸರು ಎಳೆದಿರುವ ಗೆರೆಯನ್ನೂ ಅಳಿಸಬೇಕು.

ಈ ವರ್ಷ ನಮ್ಮ ಸಾಲಿನಲ್ಲಿ ನಾಲ್ಕು ಮನೆಗಳಿಗೆ ಮಂಜೂರಾತಿ ಬಂದಿದೆ. ನಕಾಶೆ ಆಫೀಸಿನಿಂದ ಬರುತ್ತದೆ ಅಂತ ಕಾಯುವುದು ಬೇಡ. ಪಾಯ ತೆಗೆಯುವ ಮುಂಚೆ ಒಂದು ಸಂಜೆ ನಾಲ್ಕೂ ಮನೆಯ ಹೆಂಗಸರನ್ನು ಕರೆದು, ಬಯಲಲ್ಲಿ ಸುಣ್ಣದ ಗೆರೆ ಎಳೆಸೋಣ. ಅವರು ಅದರೊಳಗೆ ನಿಂತು, ಕೂತು, ಬಾಗಿ, ಕೈಚಾಚಿ ನೋಡಲಿ. ಕಿಟಕಿ ಎಲ್ಲಿ, ನಲ್ಲಿ ಎಲ್ಲಿ, ಒಲೆ ಎಲ್ಲಿ ಅಂತ ಅವರು ಹೇಳಲಿ. ಡಿಗ್ರಿ ಓದಿದ ನಾವು ಟೇಪು ಹಿಡಿದು ಬರೆದುಕೊಳ್ಳೋಣ.